ಹತ್ತು ರೂಪಾಯಿ ಟಿಕೆಟ್ಟಿಗೆ ಗ್ರೌಂಡ್ ತುಂಬಿಸಿದ್ದು: ಜೂನಿಯರ್ ಹಾಕಿ ಟೂರ್ನಮೆಂಟಿನ ನನ್ನ ಅನುಭವ

ಫೈನಲ್ ದಿವಸ ಸಂಜಿ ನಾಕೂವರಿಗೆ ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ ಓಡಿ ಬಂದು "ಅಣ್ಣಾ, ನೆಲದ ಹತ್ತು ರೂಪಾಯಿ ಟಿಕೆಟ್ ಖಾಲಿ, ಗೇಟಿನ್ಯಾಗ ಇನ್ನಾ ಮಂದಿ ನಿಂತಾರ" ಅಂದಾಗ ನಾನು ಮೊದ್ಲ ಮಾಡಿದ ಕೆಲ್ಸ ಅಂದ್ರ ನಮ್ಮ ಕಮಿಟಿ ಅಧ್ಯಕ್ಷರ ಮುಖ ನೋಡಿದ್ದು. ಯಾಕಂದ್ರ ನವೆಂಬರ್ ಮೀಟಿಂಗಿನ್ಯಾಗ ಇದ ಮನಶ್ಯಾ ಹತ್ತು ಮಂದಿ ಮುಂದ "ಏನೋ ತಮ್ಮಾ, ಚೆನ್ನೈ-ಮದುರೈನ್ಯಾಗ ಜೂನಿಯರ್ ವರ್ಲ್ಡ್ ಕಪ್ಪೇ ಫ್ರೀ ಬಿಟ್ಟಾರ, ನಿನ್ನ ಕೊಪ್ಪಳದ ಹುಡುಗ್ರ ಹಾಕಿಗೆ ರೊಕ್ಕ ಕೊಟ್ಟು ಯಾವನ್ ಬರ್ತಾನ" ಅಂದಿದ್ರು. ಎಲ್ಲಾರೂ ನಕ್ಕಿದ್ರು. ಪಿ.ಟಿ. ಸರ್ ಒಬ್ರ ನಕ್ಕಿರ್ಲಿಲ್ಲ, ಅವ್ರು ಮೊಬೈಲ್ ನೋಡಾಕತ್ತಿದ್ರು.

ಲೈನ್ ಹಾಕೋದು, ಡ್ರಾ, ಅಂಪೈರ್ ಟಿಎ-ಡಿಎ, ಠಾಣೆ ಪರ್ಮಿಷನ್, ಮೈಕ್ ಪರ್ಮಿಷನ್ ಇವೆಲ್ಲಾ ಟೂರ್ನಮೆಂಟ್ ನಡೆಸಿದವ್ರಿಗೆ ಗೊತ್ತಿದ್ದದ್ದ, ಬಿಡ್ತೀನಿ. ನಾನು ಬರಿಯಾಕ ಹತ್ತಿದ್ದು ಮಂದಿ ಹೆಂಗ ಬಂದ್ರು ಅನ್ನೋದ್ರ ಬಗ್ಗೆ ಅಷ್ಟ. ಅದೂ ಮೂರನೇ ವರ್ಷಕ್ಕ. ಮೊದ್ಲ ಎರಡು ವರ್ಷ ಬಂದದ್ದು ನಾಯಿ, ಆಡು, ಮತ್ತ ನಮ್ಮ ಮನಿಯವ್ರು.

ಮೊದಲನೇ ವರ್ಷ ಪೂರ್ತಿ ಫ್ರೀ. ಪ್ರೆಸ್ ನಂದ ಐತಲ್ಲಾ, ಆರ್ಟ್ ಪೇಪರ್ ಮ್ಯಾಲ ನಾಲ್ಕು ಕಲರಿನ್ಯಾಗ ಪಾಸ್ ಹೊಡದು ಸುಮಾರು ಮೂರು ಸಾವಿರ ಹಂಚಿದ್ವಿ. ಆಫೀಸಿನವ್ರಿಗೆ, ಬ್ಯಾಂಕಿನವ್ರಿಗೆ, ಅಂಗಡಿಯವ್ರಿಗೆ, ಲೀಡರ್‌ಗಳಿಗೆ. ಎಲ್ಲಾರೂ "ಬರ್ತೀವ್ರೀ, ಬರದ ಇರ್ತೀವೇನ್ರೀ" ಅಂತ ಇಸ್ಕೊಂಡ್ರು. ಉದ್ಘಾಟನೆಗೆ ಬಂದ್ರು, ಹಾರ ಹಾಕಿಸ್ಕೊಂಡ್ರು, ಆಟ ಚಾಲು ಮಾಡೋ ಬುಲ್ಲಿ ಹೊಡದು ಫೋಟೋ ತೆಗಿಸ್ಕೊಂಡ್ರು, ಮೊದಲನೇ ಕ್ವಾರ್ಟರ್ ಮುಗಿಯೂದ್ರಾಗ ಹೋದ್ರು. ಮುಂದಿನ ಸಾಲಿನ್ಯಾಗ ಕೆಂಪು ಸೋಫಾ ಹನ್ನೆರಡು ಹಾಕಿಸಿದ್ದೆ, ದಿನಕ್ಕ ಒಂದಕ್ಕ ಮುನ್ನೂರು ಬಾಡಿಗಿ, ಎರಡನೇ ದಿವಸ ಅದ್ರ ಮ್ಯಾಲ ರಿಸರ್ವ್ ಗೋಲ್‌ಕೀಪರ್ ಪ್ಯಾಡ್ ಕಟ್ಕೊಂಡ ಮಲ್ಕೊಂಡಿದ್ದ. ಬೆಟಗೇರಿ ಕಡಿ ಹುಡುಗ್ರು ಏನ್ ಆಡಿದ್ರು ಅಂತೀರಿ, ನೋಡಾಕ ಐವತ್ತು ಮಂದಿ ಇರ್ಲಿಲ್ಲ. ಖರ್ಚು ಒಂದು ಲಕ್ಷದ ಎಂಬತ್ತು ಸಾವಿರದ ಸುತ್ತಮುತ್ತ ಆತು, ದೇಣಿಗಿ ಹೋಗಿ ಅರವತ್ತು ಸಾವಿರ ನನ್ನ ಕಿಸೆಯಿಂದ.

ಎರಡನೇ ವರ್ಷ, ಅಂದ್ರ 2024ರ ಡಿಸೆಂಬರ್, ಬೆಂಗಳೂರಿನ ಒಬ್ಬ ಈವೆಂಟ್ ಮಾಡೋ ಹುಡುಗನ ಮಾತು ಕೇಳಿದೆ. "ಸರ್, ರೇಟ್ ಕಡಿಮೆ ಇಟ್ರೆ ವ್ಯಾಲ್ಯೂ ಇರಲ್ಲ" ಅಂದ. 50, 100, 200 ಇಟ್ವಿ. ಅದ್ರ ಮ್ಯಾಲ ನಾಲ್ಕು ದಿನದ್ದು ಪ್ಯಾಕೇಜ್ ಬ್ಯಾರೆ, ಮೊದ್ಲ ಪ್ಯಾಕೇಜ್ ಅಷ್ಟ ಮಾರೋದು, ಬಿಡಿ ಟಿಕೆಟ್ ಕೊನೇ ದಿನಕ್ಕ ಬಿಡೋದು. ಮಾರಿದ್ದು ಎಲ್ಲಾ ಕೂಡಿ ಇನ್ನೂರು ಇನ್ನೂರಾ ಇಪ್ಪತ್ತು ಟಿಕೆಟ್, ಅದ್ರಾಗ ಅರ್ಧ ನಮ್ಮ ಬೀಗರು. ಆ ವರ್ಷ ಆಗಸ್ಟಿನ್ಯಾಗ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಕೊಂಡ ಹೋಗಿತ್ತು, ವಾರದಾಗ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿ ನೀರು ನಿಲ್ಲಿಸಿದ್ರು. ನಮ್ಮ ಗೇಟ್ ಕಲೆಕ್ಷನ್ ಕೊಚ್ಕೊಂಡ ಹೋಗಿದ್ದಕ್ಕ ಇಳಿಸಾಕ ಯಾವ ಸ್ಟಾಪ್‌ಲಾಗೂ ಇರ್ಲಿಲ್ಲ. ಒಂದು ಲಕ್ಷದ ಹತ್ತು ಸಾವಿರ ಲಾಸ್. ನಮ್ಮಾಕಿ ಬಂಗಾರದ ಪಾಟ್ಲಿ ಒತ್ತಿ ಬಿದ್ವು, ಆ ವಿಷ್ಯ ಜಾಸ್ತಿ ಬರಿಯಂಗಿಲ್ಲ, ಆಕೀನೂ ಇದನ್ನ ಓದ್ತಾಳ.

ಅಳಿಯ ಕೆನಡಾದಾಗ ಅದಾನ, ಅವ್ನಿಗೆ ಫೋನಿನ್ಯಾಗ ಗೋಳು ಹೇಳ್ಕೊಂಡ್ರ ಅವ ನಗಾಕತ್ತಿದ. ಅಲ್ಲಿ ಐಸ್ ಹಾಕಿ ಅಂದ್ರ ನಮ್ಮಲ್ಲಿ ಕ್ರಿಕೆಟ್ ಇದ್ದಂಗ, ಅಂಥಾ ಊರಾಗ ಜೂನಿಯರ್ ವರ್ಲ್ಡ್ ಚಾಂಪಿಯನ್‌ಶಿಪ್ 2015ರಾಗೂ 2017ರಾಗೂ ಮಾಂಟ್ರಿಯಲ್-ಟೊರಾಂಟೊದಾಗ ಇಟ್ಟಾಗ ಸೀಟು ಖಾಲಿ ಹೊಡದ್ವು. ಮಾಂಟ್ರಿಯಲ್ಲಿನ ಬೆಲ್ ಸೆಂಟರ್ ಅಂದ್ರ ಇಪ್ಪತ್ತೊಂದು ಸಾವಿರ ಮಂದಿ ಹಿಡಿಯೋ ಜಾಗ, ಟಿಕೆಟ್ ರೇಟ್ ನೋಡಿ ಮಂದಿ ಮನಿಯಾಗ ಟಿವಿ ಮುಂದ ಕುಂತ್ರು. ಅದ ಟೂರ್ನಮೆಂಟ್ 2023ಕ್ಕ ಹ್ಯಾಲಿಫ್ಯಾಕ್ಸ್-ಮಾಂಕ್ಟನ್ ಅನ್ನೋ ಎರಡು ಸಣ್ಣ ಊರಿಗೆ ಹೋತು, ರಷ್ಯಾದಾಗ ಆಗಬೇಕಾಗಿದ್ದನ್ನ ಕಿತ್ತು ಅಲ್ಲಿಗೆ ಕೊಟ್ಟಿದ್ರು, ಅಲ್ಲಿ ಫುಲ್. ನಂಗ ಆಗ ಹೊಳೀತು, ಆಟ ಸಣ್ಣದಲ್ಲ, ಊರೂ ಸಣ್ಣದಾಗಿದ್ದಕ್ಕ ಅಲ್ಲ, ರೊಕ್ಕ ಇಸ್ಗೊಳ್ಳೋ ರೀತಿ ತಪ್ಪೈತಿ ಅಂತ.

ಅಧ್ಯಕ್ಷರು ಹೇಳಿದ ಜೂನಿಯರ್ ವರ್ಲ್ಡ್ ಕಪ್ ಫ್ರೀ ಬಿಟ್ಟಿದ್ದಕ್ಕೂ ನನ್ ಹತ್ರ ಒಂದು ಉತ್ತರ ಇತ್ತು. ಅಲ್ಲಿ ಇಂಡಿಯಾ ಜೆರ್ಸಿ ಐತ್ರೀ. 2016ರಾಗ ಲಖನೌದಾಗ ನಮ್ಮ ಹುಡುಗ್ರು ಬೆಲ್ಜಿಯಂನ್ನ 2-1 ಹೊಡದು ಕಪ್ ಎತ್ತಿದಾಗ ಸ್ಟೇಡಿಯಂ ತುಂಬಿ ತುಳುಕ್ತಿತ್ತು. 2025ರಾಗ ಚೆನ್ನೈನ್ಯಾಗ ಕಂಚಿನ ಮ್ಯಾಚಿಗೆ ಅರ್ಜೆಂಟೀನಾ 2-0 ಮುಂದ ಇದ್ದಾಗ ನಮ್ಮವ್ರು ತಿರುಗಿ ನಾಲ್ಕು ಗೋಲ್ ಹಾಕಿದ್ರು, ಇಂಡಿಯಾದ ಹಳೇ ಗೋಲ್‌ಕೀಪರ್ ಶ್ರೀಜೇಶ್ ಆಗ ಕೋಚ್, ಅದನ್ನ ಯಾವನ ಆದ್ರೂ ನೋಡ್ತಾನ, ಫ್ರೀ ಇರ್ಲಿ ರೊಕ್ಕ ಇರ್ಲಿ. ನಮ್ಮ ಅಂಡರ್-19 ಹುಡುಗ್ರಿಗೆ ಯಾವ ಜೆರ್ಸಿ ಐತಿ? ಇರಕಲ್ಲಗಡದ ಹುಡುಗನ್ನ ಇರಕಲ್ಲಗಡದವ್ರ ನೋಡಬೇಕು.

ಈಗ ವಿಷ್ಯಕ್ಕ ಬರ್ತೀನಿ. ನಾನು ಹುಡುಗ ಇದ್ದಾಗ ಗವಿಮಠದ ಜಾತ್ರಿಗೆ ಬರೋ ನಾಟಕ ಕಂಪನಿಯೊಳಗ ಎರಡು ಸೀಜನ್ ಗೇಟ್ ಕಾದಾಂವ. ನೆಲ, ಬೆಂಚು, ಕುರ್ಚಿ. ಆ ಮ್ಯಾನೇಜರ್ ಟಿಕೆಟ್ ಹರಿಯೋ ಮುಂದ ಒಂದ್ ಮಾತು ಹೇಳ್ತಿದ್ದ, "ಪಾಸಿನವ್ನು ಪಡದಿ ಏಳೂದ್ರಾಗ ಎದ್ದು ಹೋಗ್ತಾನ, ನೆಲದವ್ನು ಮಂಗಳಾರತಿ ತಕ ಕುಂದರ್ತಾನ." ಮೂವತ್ತು ವರ್ಷ ಆಗಿತ್ತು ಕೇಳಿ, ಎರಡು ಸಲ ಕೈ ಸುಟ್ಕೊಂಡ ಮ್ಯಾಲ ನೆನಪಾತು ನೋಡ್ರಿ.

ಅದಕ್ಕ ಮೂರನೇ ವರ್ಷ ನೆಲ 10, ಬೆಂಚು 20, ಕುರ್ಚಿ 50. ಪಾಸ್ ಪೂರ್ತಿ ಬಂದ್. ಅಧ್ಯಕ್ಷರಿಗೂ ಟಿಕೆಟ್, ನನಗೂ ಟಿಕೆಟ್, ಸೋಫಾ ಇಲ್ಲ. ಒಬ್ರು ಲೀಡರ್ ಇದಕ್ಕ ಸಿಟ್ಟಾಗಿ ದೇಣಿಗಿ ಹದಿನೈದು ಸಾವಿರ ಕ್ಯಾನ್ಸಲ್ ಮಾಡಿದ್ರು, ಹೋಗ್ಲಿ ಅಂದೆ, ಅಂದೆ ಅಷ್ಟ, ರಾತ್ರಿ ನಿದ್ದಿ ಬರ್ಲಿಲ್ಲ.

ಖರೇ ಕೆಲ್ಸ ಮಾಡಿದ್ದು ರೇಟ್ ಅಲ್ಲ, ಮಾರಿದವ್ರು. ಹನ್ನೆರಡು ಟೀಂ ಇದ್ವು, ಅದ್ರಾಗ ಏಳು ಸುತ್ತಮುತ್ತಲಿನವು. ಲೋಕಲ್ ಟೀಮಿಗೆಲ್ಲಾ ನೂರು ಟಿಕೆಟಿನ ಬುಕ್ ಐದೈದು ಕೊಟ್ಟೆ, ಟಿಕೆಟಿಗೆ ಮೂರು ರೂಪಾಯಿ ಟೀಮಿಗೆ ಬಿಟ್ಟೆ, ಅವ್ರ ಸ್ಟಿಕ್ಕು, ಶಿನ್‌ಗಾರ್ಡ್ ಅದ್ರಾಗ ನೋಡ್ಕೊಳ್ಳಿ ಅಂತ. ಹುಡುಗ್ರು ಏನ್ ಮಾಡಿದ್ರು ಗೊತ್ತೇನು, ಕಿನ್ನಾಳದಾಗ ಒಬ್ಬ ಹುಡುಗ ಹಾಲಿನ ಡೈರಿ ಮುಂದ ಮುಂಜಾನೆ ಆರಕ್ಕ ನಿಂತು ಹಾಲು ಹಾಕಾಕ ಬಂದವ್ರಿಗೆಲ್ಲಾ "ಕಾಕಾ, ನಾ ಲೆಫ್ಟ್ ಹಾಫ್ ಆಡ್ತೀನಿ, ಬರ್ರಿ" ಅಂತ ಒಂದ ವಾರದಾಗ ಮುನ್ನೂರು ಟಿಕೆಟ್ ಮಾರಿದ. ಹಾಕಿ ಅಂದ್ರ ಏನು ಗೊತ್ತಿಲ್ಲದ ಮಂದಿ ಟ್ರಾಕ್ಸ್ ಗಾಡಿ ಮಾಡ್ಕೊಂಡ ಬಂದ್ರು. ಹತ್ತು ರೂಪಾಯಿ ಕೊಟ್ಟಾನ ಅಂದ ಮ್ಯಾಲ ಬರ್ತಾನ, ಬರದಿದ್ರ ಹತ್ತು ರೂಪಾಯಿ ಸುಮ್ನ ಹೋತಲ್ಲ ಅಂತ ಹೊಟ್ಟಿ ಉರೀತದ ಅವ್ನಿಗೆ. ಪಾಸಿಗೆ ಆ ಉರಿ ಇಲ್ಲ.

ಬೆಂಚಿನ ಟಿಕೆಟಿಗೆ ಒಂದು ಮೂಲಿಯೊಳಗ ಹರಿಯೋ ಕೂಪನ್, ಒಂದ್ ಪ್ಲೇಟ್ ಮಿರ್ಚಿ-ಮಂಡಾಳ ಒಗ್ಗರಣಿಗೆ ಹತ್ತು ರೂಪಾಯಿ ಕಡಿಮಿ. ಅಂಗಡಿಯವ್ನಿಗೆ ಜಾಗದ ಬಾಡಿಗಿ ಅದ್ರಾಗ ಮುರ್ಕೊಳ್ಳೋ ಲೆಕ್ಕ. ಇಲ್ಲೊಂದು ಪೆಟ್ಟು ಬಿತ್ತು. ಮೊದಲನೇ ದಿವಸ ಸಂಜಿ ಮಿರ್ಚಿ ಅಂಗಡಿಯಾಂವ ನೂರಾ ತೊಂಬತ್ತು ಕೂಪನ್ ತಂದು ಮುಂದ ಸುರುವಿದ, ನಾವು ಬೆಂಚಿನ ಟಿಕೆಟ್ ಮಾರಿದ್ದು ನೂರಾ ಮೂವತ್ತೋ ಏನೋ. ಯಾರೋ ಕಲರ್ ಝೆರಾಕ್ಸ್ ಹೊಡದಿದ್ರು. ಪ್ರೆಸ್ಸಿನವ್ನಿಗೆ ಝೆರಾಕ್ಸಿನ ಟೋಪಿ! ರಾತ್ರಿ ಒಂದು ಗಂಟಿ ತನಕ ಕುಂತು ಉಳಿದ ಬುಕ್ಕಿಗೆಲ್ಲಾ ಮತ್ತೊಮ್ಮೆ ನಂಬರಿಂಗ್ ಹೊಡದು ಪರ್ಫೊರೇಶನ್ ಅಂದ್ರ ಹರಿಯೋ ತೂತಿನ ಸಾಲಿನ ಜಾಗ ಬದಲಿ ಮಾಡಿ ಇನ್ನೊಂದು ಗುರುತು ಹಾಕಿದೆ. ಆ ಗುರುತು ಏನಂತ ಇಲ್ಲಿ ಬರಿಯಂಗಿಲ್ಲ, ಮುಂದಿನ ವರ್ಷಾನೂ ಅದ ನಡಸಬೇಕು. ಇಷ್ಟು ಹೇಳ್ತೀನಿ, ಲಗ್ನಪತ್ರಿಕಿ ಹೊಡಿಯೋವ್ರ ಹತ್ರ ಬೇಕಾದ ಸಾಮಾನು ಇದ್ದ ಇರ್ತೈತಿ, ಖರ್ಚು ಸೊನ್ನಿ.

ಇನ್ನೊಂದು ನಾಟಕ ಕಂಪನಿ ಕಸಬು, ಕೊನೇ ಕ್ವಾರ್ಟರಿಗೆ ಗೇಟ್ ಬಿಡೋದು. ಹೊರಗ ಚಹಾ ಕುಡಕೋತ ನಿಂತ ಮಂದಿ ಇರ್ತಾರಲ್ಲ, ಒಳಗ ಕೂಗು ಕೇಳ್ತಾರ, ರೊಕ್ಕ ಬಿಚ್ಚಂಗಿಲ್ಲ. ಮೂರನೇ ಕ್ವಾರ್ಟರ್ ಮುಗದ ಕೂಡ್ಲೇ "ಬರ್ರಿ ಬರ್ರಿ" ಅಂತ ಒಳಗ ಬಿಟ್ಟೆ. ಪೆನಾಲ್ಟಿ ಕಾರ್ನರ್ ಒಂದು ನೋಡಿದ್ರ ಸಾಕು, ಗೋಲ್ ಬೋರ್ಡಿಗೆ ಚೆಂಡು ಬಡದ ಆ ಸಪ್ಪಳ ಕಿವ್ಯಾಗ ಕುಂದರ್ತೈತಿ, ಮರುದಿನ ಟಿಕೆಟ್ ತಗೊಂಡ ಬಂದ್ರು. ಆದ್ರ ನಮ್ಮ ಮಂದಿ ಶಾಣ್ಯಾರು, ಮೂರನೇ ದಿವಸಕ್ಕ ಎಲ್ಲಾರೂ ಕೊನೇ ಕ್ವಾರ್ಟರಿಗೇ ಬರಾಕ ಶುರು ಮಾಡಿದ್ರು, ಹೊರಗ ಇನ್ನೂರು ಮಂದಿ, ಒಳಗ ನೂರೈವತ್ತು. ಆಮ್ಯಾಲ ಯಾವ ಮ್ಯಾಚಿಗೆ ಬಿಡ್ತೀನಿ, ಯಾವುದಕ್ಕ ಬಿಡಂಗಿಲ್ಲ ಅನ್ನೋದು ನನಗೊಬ್ಬನಿಗೆ ಗೊತ್ತು. ಅದಕ್ಕೂ ಒಂದು ಲೆಕ್ಕ ಐತಿ, ಹೇಳಂಗಿಲ್ಲ.

ಟೈಮಿಂದೂ ಹೇಳಿಬಿಡ್ತೀನಿ. ಡಿಸೆಂಬರ್ ಆದ್ರೂ ನಮ್ ಕಡೆ ಒಂದರಿಂದ ಮೂರು ಬಿಸಿಲು ಸುಡ್ತೈತಿ, ಆ ಹೊತ್ತಿನ್ಯಾಗ ಮ್ಯಾಚ್ ಇಡಬ್ಯಾಡ್ರಿ. ಮುಂಜಾನೆ ಒಂದು, ಸಂಜಿ ಎರಡು. ದೊಡ್ಡ ಟೀಮು ಸಂಜಿಗೆ ಅಂತ ಎಲ್ಲಾರೂ ಇಡ್ತಾರ, ನಾನು ಲೋಕಲ್ ಟೀಮ್ ಸಂಜಿಗೆ ಇಟ್ಟೆ, ಹುಬ್ಬಳ್ಳಿ ಟೀಮಿನ ಕೋಚ್ ಬೈದ್ರು, ಬೈಲಿ. ಜಾತ್ರಿಗೆ ಮೊದ್ಲ ಮುಗಿಸಬೇಕು, ಜಾತ್ರಿ ಶುರು ಆತಂದ್ರ ಅಜ್ಜಾರ ದಾಸೋಹ ಬಿಟ್ಟು ನಮ್ಮ ಹಾಕಿಗೆ ಯಾರ್ ಬರ್ತಾರ್ರೀ, ಲಕ್ಷಗಟ್ಟಲೆ ಮಂದಿ ಆ ಕಡೆ.

ಕಾಮೆಂಟರಿಗೆ ನಾಟಕದ ಒಬ್ಬ ಕಲಾವಿದರನ್ನ ಕುಂದರ್ಸಿದೆ, ಹಾಸ್ಯ ಪಾತ್ರ ಮಾಡೋರು. ಅವ್ರಿಗೆ ಹಾಕಿ ರೂಲ್ಸ್ ಬರ್ತಿರ್ಲಿಲ್ಲ, ಪಿ.ಟಿ. ಸರ್ ಬಾಜೂಕ ಕುಂತು ಕಿವ್ಯಾಗ ಹೇಳೋದು, ಅವ್ರು ಮೈಕಿನ್ಯಾಗ ಹೇಳೋದು. ಗ್ರೀನ್ ಕಾರ್ಡ್ ಕೊಟ್ಟು ಹುಡುಗನ್ನ ಹೊರಗ ಕಳ್ಸಿದಾಗ "ಎರಡು ನಿಮಿಷ ಮಾವನ ಮನಿಗೆ ಹೋಗಿ ಬಾರಪ್ಪಾ" ಅಂದ್ರು, ಇಡೀ ಗ್ರೌಂಡ್ ನಕ್ಕಿತು, ಅಂಪೈರ್ ಕೂಡ. ಹೆಣ್ಮಕ್ಕಳಿಗೆ ಬ್ಯಾರೆ ಗೇಟ್, ಐದು ರೂಪಾಯಿ, ಇದು ಅರ್ಧಾ ವರ್ಕ್ ಆತು, ಭಾಗ್ಯನಗರದ ಕಡಿಯಿಂದ ಸಂಜಿ ಒಂದಿಷ್ಟು ಮಂದಿ ಬಂದ್ರು ಆದ್ರ ಶೌಚಾಲಯದ ವ್ಯವಸ್ಥಿ ಸರಿ ಇರ್ಲಿಲ್ಲ, ತಪ್ಪು ನಂದ. ಕ್ಯೂಆರ್ ಕೋಡ್ ಹಚ್ಚಿದ್ದು ದಂಡ, ಸಾವಿರ ಮಂದಿ ಒಂದ ಕಡೆ ಕೂಡಿದ್ರ ನೆಟ್ವರ್ಕ್ ಸತ್ತು ಹೋಗ್ತೈತಿ, ಗೇಟಿನ್ಯಾಗ "ಹೋತ್ರಿ, ಬಂತಾ ನೋಡ್ರಿ" ಅನ್ನೋದ್ರಾಗ ಲೈನ್ ರೋಡಿಗೆ ಹೋಗಿತ್ತು. ಹತ್ತರ ನೋಟ್ ಚಿಲ್ರೆ ಇಟ್ಕೊರಿ, ಅದ ಪಾಡ. ಲಕ್ಕಿ ಡಿಪ್ ಕುಕ್ಕರ್ ಇಟ್ಟಿದ್ದೆ, ಅದು ಅಧ್ಯಕ್ಷರ ಟಿಕೆಟಿಗೇ ಬಂದು ಎಲ್ಲಾರೂ ಮೋಸ ಅಂದ್ರು, ಮತ್ತೊಮ್ಮೆ ಎತ್ತಿಸಿದೆ.

ಲೆಕ್ಕ ಬಾಯಿಲೆ ಹೇಳ್ತೀನಿ, ವಹಿ ಅಧ್ಯಕ್ಷರ ಮನಿಯಾಗ ಐತಿ. ಐದು ದಿವಸಕ್ಕ ಐದು ಸಾವಿರದಾ ಎಂಟನೂರು ಟಿಕೆಟ್ ಹೋಗಿರಬೇಕು, ಮೊದಲನೇ ದಿವಸ ನಾಕನೂರು, ಫೈನಲ್‌ಗೆ ಎರಡು ಸಾವಿರದ ಮ್ಯಾಲ. ಗೇಟ್ ಕಲೆಕ್ಷನ್ ಎಂಬತ್ತೈದು ಸಾವಿರದ ಹತ್ರ, ಅದ್ರಾಗ ಟೀಮಿಗೆ ಒಂಬತ್ತು ಹೋತು. ಅಂಗಡಿ ಜಾಗದ ಹರಾಜಿಂದ ಇಪ್ಪತ್ತೆರಡು, ಹಿಂದಿನ ವರ್ಷ ಅದು ನಾಲ್ಕು ಸಾವಿರ ಇತ್ತು, ಯಾಕಂದ್ರ ತಿನ್ನೋರ ಇರ್ಲಿಲ್ಲ. ಎರಡನೇ ದಿವಸದ ಮಂದಿ ನೋಡಿ ಬೀಜ-ಗೊಬ್ಬರದವ್ರು, ಬೈಕ್ ಶೋರೂಮಿನವ್ರು ತಾವ ಬಂದು ಬೌಂಡ್ರಿ ಬೋರ್ಡಿಗೆ ಅರವತ್ತು ಕೊಟ್ರು. ದೇಣಿಗಿ ಐವತ್ತು. ಖರ್ಚು ಎರಡು ಲಕ್ಷಕ್ಕ ಐದು ಸಾವಿರ ಕಡಿಮಿ. ಉಳದದ್ದು ಹನ್ನೆರಡು-ಹದಿಮೂರು ಸಾವಿರ. ಪಾಟ್ಲಿ ಇನ್ನೂ ಬ್ಯಾಂಕಿನ್ಯಾಗ ಅದಾವು, ಬಡ್ಡಿ ಅಷ್ಟ ಕಟ್ಟೀನಿ.

ಹಾಂ, ಫೈನಲ್ ದಿವಸ ಟಿಕೆಟ್ ಖಾಲಿ ಆಗಿದ್ದು ಅಂದ್ನೆಲ್ಲ. ಮಷೀನ್ ಚಾಲು ಮಾಡಿ ಹೊಡಿಯಾಕ ಟೈಮ್ ಇಲ್ಲ, ಹೊರಗ ಮಂದಿ ಗೇಟ್ ಅಲ್ಲಾಡ್ಸಾಕತ್ತಿದ್ರು. ಪ್ರೆಸ್ಸಿನ ಅಟ್ಟದ ಮ್ಯಾಲ ಹಿಂದಿನ ವರ್ಷದ್ದು 200 ರೂಪಾಯಿದು ಒಂದೂ ಹರಿಯದ ಬುಕ್ಕು ಗೋಣಿಚೀಲದಾಗ ಬಿದ್ದಿದ್ವು, ಹುಡುಗನ್ನ ಗಾಡಿ ಮ್ಯಾಲ ಓಡ್ಸಿ ತರಿಸಿದೆ. 200 ಅನ್ನೋದನ್ನ ಸ್ಕೆಚ್ ಪೆನ್ನಿಲೆ ಹೊಡದು 10 ಅಂತ ಬರದು ಕೊಡಾಕತ್ತಿದ್ವಿ, ನಾನೂ ಅಧ್ಯಕ್ಷರೂ ಇಬ್ರೂ ಕುಂತು, ಅವ್ರು ಹೊಡಿಯೋದು, ನಾನು ಬರಿಯೋದು. ರುಮಾಲಿನ ಒಬ್ಬ ಯಜಮಾನ್ರು ಟಿಕೆಟ್ ಹಿಂದ ಮುಂದ ತಿರುವಿ ನೋಡಿ, "ಇನ್ನೂರದ್ದು ಹತ್ತಕ್ಕ ಕೊಡಾಕತ್ತೀರಲ್ಲಪಾ, ಇದ್ರಾಗ ಏನ್ ಕಡಿಮಿ ಐತಿ ಮೊದ್ಲ ಹೇಳ್ರಿ" ಅಂದ್ರು.