ಕರಿಬೇವಿನ ಕುಂಡ ಹೊತ್ತು ಬನ್ನಿ

ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಕಾಣುವ ಒಂದು ವಸತಿ ಸಂಕೀರ್ಣದಲ್ಲಿ ನಮ್ಮ ಮನೆ. ನಾನು ಶಿರಸಿಯವಳು. ನಮ್ಮಲ್ಲಿ ಕನ್ನಡದ ಮನೆಗಳು ಸುಮಾರು ಮೂವತ್ತಿವೆ. ಧಾರವಾಡದವರು, ಕಲಬುರಗಿಯವರು, ಉಡುಪಿ ಕಡೆಯವರು ಎಲ್ಲರೂ ಸೇರಿ ರಾಜ್ಯೋತ್ಸವ, ಯುಗಾದಿ ಮಾಡುತ್ತೇವೆ. ಆ ಬಳಗದಲ್ಲಿ ಕೀಟಗಳ ಬಗ್ಗೆ ಒಂದು ಕಾರ್ಯಕ್ರಮ ಮಾಡಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಮೊದಲ ಸಲ, 2024ರ ಮಳೆಗಾಲದಲ್ಲಿ, ಸಭಾಗೃಹದಲ್ಲಿ ಪರದೆ ಕಟ್ಟಿ, ದೂರದೂರದ ಕಾಡುಗಳ ಬಣ್ಣಬಣ್ಣದ ಜೀರುಂಡೆಗಳ ಚಿತ್ರ ತೋರಿಸಿ ನಲವತ್ತು ನಿಮಿಷ ಮಾತನಾಡಿದೆ. ಜನ ಸೌಜನ್ಯದಿಂದ ಕೇಳಿದರು, ಚಹಾ ಕುಡಿದರು, ಹೋದರು. ಮರುವಾರವೇ ಅಂಗಳದ ನಂದಿಬಟ್ಟಲು ಬೇಲಿಗೆ ಔಷಧಿ ಹೊಡೆಸಿದರು. ಆ ಎಲೆಗಳಲ್ಲಿ ಹಾಕ್ ಪತಂಗದ ಮರಿಹುಳಗಳಿದ್ದವು. ಬಾಲದಲ್ಲಿ ಪುಟ್ಟ ಕೊಂಬು, ಬೆನ್ನಿನ ಮುಂಭಾಗದಲ್ಲಿ ಕಣ್ಣಿನಂತಹ ಎರಡು ನೀಲಿ ಚುಕ್ಕೆ. ಬೆಳಿಗ್ಗೆ ನೋಡಿದಾಗ ಎಲ್ಲವೂ ನೆಲಕ್ಕೆ ಬಿದ್ದಿದ್ದವು. ಅವುಗಳನ್ನು ಕಾಗದದ ಮೇಲೆ ಆರಿಸುತ್ತಿದ್ದಾಗ ನನಗೆ ಹೊಳೆಯಿತು: ನಾನು ತೋರಿಸಿದ ಕೀಟ ಯಾವುದೂ ಇವರ ಮನೆಯದಾಗಿರಲಿಲ್ಲ. ತಮ್ಮದಲ್ಲದ್ದನ್ನು ಯಾರು ಉಳಿಸಿಕೊಳ್ಳುತ್ತಾರೆ?

ಹಾಗಾದರೆ ಪ್ರತಿಯೊಂದು ಕನ್ನಡದ ಮನೆಯಲ್ಲೂ ಇರುವ ಕೀಟ ಯಾವುದು? ಉತ್ತರ ಅಡುಗೆಮನೆಯ ಕಿಟಕಿಯಲ್ಲೇ ಇತ್ತು. ಮುಂಬೈಯ ಕನ್ನಡಿಗರು ಎಷ್ಟು ಇಕ್ಕಟ್ಟಾದ ಮನೆಯಲ್ಲಿದ್ದರೂ ಒಂದು ಕರಿಬೇವಿನ ಕುಂಡ ಇಟ್ಟುಕೊಂಡಿರುತ್ತಾರೆ, ಮತ್ತು ಆ ಕುಂಡಕ್ಕೆ ವರ್ಷಕ್ಕೆ ಒಂದೆರಡು ಸಲವಾದರೂ ನಿಂಬೆ ಚಿಟ್ಟೆ ಬಂದು ಮೊಟ್ಟೆ ಇಡುತ್ತದೆ. ಹಾಗಾಗಿ 2025ರ ಜುಲೈನಲ್ಲಿ ನಾನು ಕಳುಹಿಸಿದ ಆಹ್ವಾನ ಇಷ್ಟೇ: “ನಿಮ್ಮ ಕರಿಬೇವಿನ ಗಿಡದಲ್ಲಿ ಹುಳವಿದ್ದರೆ ಕೊಲ್ಲಬೇಡಿ. ಶನಿವಾರ ಸಂಜೆ ಐದಕ್ಕೆ ಕುಂಡದ ಸಮೇತ ಕೆಳಗೆ ತನ್ನಿ. ಕುಂಡದ ಅಡಿಯ ತಟ್ಟೆಯನ್ನು ನೀರು ಚೆಲ್ಲದೆ ತನ್ನಿ.”

ದಿನ ಜುಲೈ 26. ಭೀಮನ ಅಮಾವಾಸ್ಯೆ ಕಳೆದು ಎರಡೇ ದಿನವಾಗಿತ್ತು. ರಾತ್ರಿ ಪತಂಗಗಳನ್ನೂ ನೋಡುವ ಯೋಚನೆ ಇದ್ದುದರಿಂದ ಬೆಳದಿಂಗಳಿಲ್ಲದ ರಾತ್ರಿಯೇ ಬೇಕಿತ್ತು. ಜಗತ್ತಿನ ಅನೇಕ ಕಡೆ ಜುಲೈ ಕೊನೆಯ ವಾರದಲ್ಲಿ ಪತಂಗ ಸಪ್ತಾಹ ನಡೆಯುತ್ತದೆ, ಅದಕ್ಕೂ ಹೊಂದಿತು. ಆದರೆ ಈ ದಿನಾಂಕ ಹೇಳಿದ ಕೂಡಲೇ ಹಿರಿಯರೊಬ್ಬರು ಹಿಂಜರಿದರು. 2005ರ ಅದೇ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಅಂದು ಅವರು ರಾತ್ರಿಯಿಡೀ ನಡೆದು ಮನೆ ಸೇರಿದವರು. ಅವರ ಮಾತಿಗೆ ಬೆಲೆ ಕೊಟ್ಟು ಎಲ್ಲವನ್ನೂ ವಾಹನ ನಿಲ್ಲಿಸುವ ಸೂರಿನಡಿಗೆ ಬದಲಾಯಿಸಿದೆ. ಅದು ಒಳ್ಳೆಯದೇ ಆಯಿತು, ಏಕೆಂದರೆ ಪತಂಗಗಳನ್ನು ಸೆಳೆಯಲು ಬಳಸುವ ಪಾದರಸದ ದೀಪ ಕೆಂಡದಂತೆ ಕಾಯುತ್ತದೆ, ಒಂದು ಮಳೆಹನಿ ಬಿದ್ದರೂ ಗಾಜು ಒಡೆಯಬಹುದು. ಸಮಿತಿಯಿಂದ ಎರಡು ಒಪ್ಪಿಗೆ ಪಡೆದೆ: ಆ ವಾರ ಔಷಧಿಯಾಗಲಿ ಹೊಗೆಯಾಗಲಿ ಬೇಡ, ಮತ್ತು ಶನಿವಾರ ರಾತ್ರಿ ಆ ಭಾಗದ ದೀಪಗಳನ್ನು ಆರಿಸಬೇಕು. ಗುಡ್ಡದಲ್ಲಿ ಚಿರತೆಗಳಿರುವುದರಿಂದ ಮಕ್ಕಳು ಗೇಟು ದಾಟಕೂಡದು ಎಂದು ಕಾವಲುಗಾರರಿಗೂ ಹೇಳಿಟ್ಟೆ.

ಹನ್ನೊಂದು ಕುಂಡಗಳು ಬಂದವು. ಒಂಬತ್ತರಲ್ಲಿ ಹುಳಗಳಿದ್ದವು.

ಮೊದಲ ತೊಡಕು ಒಂದು ಪದದಿಂದ ಬಂತು. ನಮ್ಮವರು ಎಲೆ ತಿನ್ನುವ ಪ್ರತಿ ಮರಿಹುಳವನ್ನೂ ಕಂಬಳಿಹುಳ ಎನ್ನುತ್ತಾರೆ, ಕಂಬಳಿಹುಳ ಎಂದೊಡನೆ ಮೈ ತುರಿಸಲು ಶುರುವಾಗುತ್ತದೆ. ನಿಂಬೆ ಚಿಟ್ಟೆಯ ಮರಿಗೆ ಚುಚ್ಚುವ ರೋಮವೇ ಇಲ್ಲ. ಅದನ್ನು ಅಂಗೈ ಮೇಲೆ ಬಿಟ್ಟುಕೊಂಡು ನಿಂತೆ. ಐದು ನಿಮಿಷ ಯಾರೂ ಹತ್ತಿರ ಬರಲಿಲ್ಲ. ಆಮೇಲೆ ಧಾರವಾಡದ ಅಜ್ಜಿಯೊಬ್ಬರು, “ತಾರವ್ವ ಇಲ್ಲಿ, ಇದಕ್ಕೆ ಕಂಬಳಿ ಎಲ್ಲಿದೆ?” ಎಂದು ಕೈ ಚಾಚಿದರು. ಅಜ್ಜಿ ಹಿಡಿದ ಮೇಲೆ ಮಕ್ಕಳನ್ನು ತಡೆಯುವುದೇ ಕಷ್ಟವಾಯಿತು.

ನಾನು ಭಾಷಣ ಮಾಡಲಿಲ್ಲ. ಕುಂಡಗಳನ್ನು ಹುಳದ ವಯಸ್ಸಿಗೆ ತಕ್ಕಂತೆ ಸಾಲಾಗಿಟ್ಟು, ಎರಡು ಕುಂಡಕ್ಕೊಂದರಂತೆ ಭೂತಗನ್ನಡಿ ಕೊಟ್ಟು, ಏನು ಕಾಣುತ್ತದೆ ಎಂದು ಕೇಳಿದೆ. ಮೊದಲ ಕುಂಡದಲ್ಲಿ ಹಕ್ಕಿಯ ಹಿಕ್ಕೆ ಬಿದ್ದಿದೆ ಎಂದು ಒಬ್ಬ ಹುಡುಗ ಹೇಳಿದ. ಸ್ವಲ್ಪ ಹೊತ್ತಿಗೆ ಆ ಹಿಕ್ಕೆ ನಡೆಯಿತು. ಈ ಮರಿ ನಾಲ್ಕು ಹಂತಗಳವರೆಗೆ ಹಿಕ್ಕೆಯ ವೇಷದಲ್ಲಿದ್ದು, ಐದನೆಯದರಲ್ಲಿ ಎಲೆಯ ಹಸಿರಿಗೆ ತಿರುಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಬಣ್ಣದ ನಾಲಿಗೆಯಂತಹದ್ದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಆ ವಾಸನೆಯನ್ನು ಎಲ್ಲರೂ ಸರದಿಯಲ್ಲಿ ಬಂದು ಮೂಸಿದರು! ಕೊನೆಯ ಕುಂಡದಲ್ಲಿ, ಮರಿ ಚಿಟ್ಟೆಯಾಗುವ ಮೊದಲಿನ ಹಂತವಾದ ಕೋಶವಿತ್ತು. ಟೊಂಗೆಗೆ ಬಾಲ ಅಂಟಿಸಿ, ನಡುವಿಗೆ ಒಂದು ರೇಷ್ಮೆ ಎಳೆ ಸುತ್ತಿಕೊಂಡಿತ್ತು. “ಉಡಿದಾರ ಕಟ್ಟಿಕೊಂಡಿದೆ” ಎಂದರು ಅದೇ ಅಜ್ಜಿ. ನಾನು ಎಷ್ಟು ಯೋಚಿಸಿದ್ದರೂ ಅಷ್ಟು ಸರಿಯಾದ ಮಾತು ಸಿಗುತ್ತಿರಲಿಲ್ಲ, ಆಮೇಲಿನಿಂದ ಅದನ್ನೇ ಬಳಸುತ್ತಿದ್ದೇನೆ.

ಗಿಡ ಬೋಳಾಗುತ್ತದಲ್ಲ ಎಂಬ ಆಕ್ಷೇಪ ಬಂದೇ ಬಂತು. ನಿಜ, ಸಣ್ಣ ಗಿಡವನ್ನು ಎರಡು ಹುಳಗಳೇ ಮುಗಿಸಬಲ್ಲವು. ನಾನು ಕೊಟ್ಟ ಸಲಹೆ: ಒಂದು ಟೊಂಗೆ ಅವಕ್ಕೆ ಬಿಡಿ, ಉಳಿದ ಮರಿಗಳನ್ನು ಅಂಗಳದ ನಿಂಬೆ ಗಿಡಕ್ಕೆ ಸಾಗಿಸಿ. ಚೆನ್ನಾಗಿ ಬೇರು ಬಿಟ್ಟ ಕರಿಬೇವು ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ಹಾಕುವ ಎಲೆಗೆ ವಿಷ ಸಿಂಪಡಿಸುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ. ಮಹಾರಾಷ್ಟ್ರ 2015ರಲ್ಲಿ ತನ್ನ ರಾಜ್ಯ ಚಿಟ್ಟೆಯೆಂದು ಆರಿಸಿಕೊಂಡ ಬ್ಲೂ ಮಾರ್ಮನ್ ಕೂಡ ಇದೇ ಕುಲದ್ದು, ಅದರ ಮರಿಗಳೂ ನಿಂಬೆ ಜಾತಿಯ ಗಿಡಗಳಲ್ಲೇ ಬೆಳೆಯುತ್ತವೆ.

ಇನ್ನು ತಟ್ಟೆಗಳು. ಕೀಟಗಳನ್ನು ಪ್ರೀತಿಸಿ ಎಂದಷ್ಟೇ ಹೇಳಿ, ಜುಲೈ ತಿಂಗಳ ಮುಂಬೈಯಲ್ಲಿ ಸೊಳ್ಳೆಯ ಮಾತೆತ್ತದೆ ಹೋಗುವುದು ಪ್ರಾಮಾಣಿಕತೆಯಲ್ಲ. ನಾಲ್ಕು ತಟ್ಟೆಗಳ ನೀರನ್ನು ಗಾಜಿನ ಲೋಟಗಳಿಗೆ ಸುರಿದು ಬಿಳಿ ಕಾಗದದ ಮುಂದೆ ಇಟ್ಟೆ. ಮೂರರಲ್ಲಿ ಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು, ಬಾಲದ ಕೊಳವೆಯಿಂದ ಉಸಿರಾಡುತ್ತ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂತಹ ತಿಳಿನೀರಿನಲ್ಲೇ ಮರಿ ಮಾಡುತ್ತದೆ, ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಹೊಗೆ ಹಾಕಿದರೆ ಹಾರಾಡುವ ಸೊಳ್ಳೆ ಸಾಯಬಹುದು, ನೀರಿನೊಳಗಿನ ಮರಿ ಸಾಯುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರವೋ ಹತ್ತು ದಿನವೋ ಬೇಕು. ಆದ್ದರಿಂದ ವಾರಕ್ಕೊಮ್ಮೆ ತಟ್ಟೆ ಚೆಲ್ಲಿ, ಉಜ್ಜಿ ತೊಳೆದರೆ ಸಾಕು. ಒಂದೇ ಕುಂಡದ ಮೇಲಿನದ್ದನ್ನು ಉಳಿಸಿ, ಕೆಳಗಿನದ್ದನ್ನು ಚೆಲ್ಲಿ ಎಂದೆ. ಆ ಸಂಜೆ ನಾನು ಹೇಳಿದ್ದರಲ್ಲಿ ಜನ ಹೆಚ್ಚು ಗಮನವಿಟ್ಟು ಕೇಳಿದ್ದು ಇದನ್ನೇ.

ಏಳೂವರೆಗೆ ದೀಪ ಹಚ್ಚಿದೆವು. ಪರದೆಗೆ ನನ್ನ ಯಜಮಾನರ ಬಿಳಿ ಪಂಚೆ, ಅದರ ತುದಿಯನ್ನು ನೆಲದ ಮೇಲೂ ಹಾಸಿದ್ದೆವು, ಏಕೆಂದರೆ ಜೀರುಂಡೆಗಳು ಬಡಿದು ಕೆಳಗೆ ಬೀಳುತ್ತವೆ. ಮೊದಲ ಅರ್ಧ ಗಂಟೆ ಮಳೆಹುಳುಗಳಷ್ಟೇ. ಎಂಟೂಕಾಲಿಗೆ ಒಂದು ಹಾಕ್ ಪತಂಗ ಬಂದು ಕುಳಿತಾಗ ಗುಂಪಿಗೆ ಗುಂಪೇ ಉಸಿರು ಬಿಗಿಹಿಡಿಯಿತು. ಹಸಿರು, ನಸುಗೆಂಪು, ಬಿಳಿ ಕಲಸಿದ ರೆಕ್ಕೆ. ನಂದಿಬಟ್ಟಲು ಬೇಲಿಯಲ್ಲಿ ಸತ್ತು ಬಿದ್ದಿದ್ದ ಮರಿಗಳು ಬದುಕಿದ್ದರೆ ಹೀಗೆಯೇ ಆಗುತ್ತಿದ್ದವು ಎಂದು ತಿಳಿಸಿದೆ. ಸಮಿತಿಯ ಕಾರ್ಯದರ್ಶಿಯವರು ಏನೂ ಹೇಳಲಿಲ್ಲ, ಮೊಬೈಲಿನಲ್ಲಿ ಹತ್ತಾರು ಚಿತ್ರ ತೆಗೆದುಕೊಂಡರು.

ದೀಪಕ್ಕೆ ಏಕೆ ಬರುತ್ತವೆ ಎಂದು ಮಕ್ಕಳು ಕೇಳಿದರು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಾರುವ ಕೀಟಗಳು ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತವೆ ಎಂದು ತೋರಿಸಿದೆ. ಬೆಳಕೆಂದರೆ ಆಕಾಶ, ಆಕಾಶವೆಂದರೆ ಮೇಲು. ದೀಪ ಪಕ್ಕದಲ್ಲಿದ್ದರೆ ಮೇಲು ಯಾವುದು, ಕೆಳಗು ಯಾವುದು ತಿಳಿಯದೆ ಸುತ್ತುತ್ತಲೇ ಇರುತ್ತವೆ. ಅದಕ್ಕಾಗಿಯೇ ಹತ್ತೂವರೆಗೆ ದೀಪ ಆರಿಸಿದೆವು. ಬೆಳಗಿನವರೆಗೆ ಉರಿಸಿದರೆ ಪತಂಗಗಳು ಅಲ್ಲೇ ದಣಿದು, ನಸುಕಿನಲ್ಲಿ ಪಿಕಳಾರಗಳಿಗೆ ಆಹಾರವಾಗುತ್ತವೆ.

ಮರಿಯನ್ನು ಹಕ್ಕಿಯ ಹಿಕ್ಕೆ ಎಂದಿದ್ದ ಹುಡುಗ ಒಂದು ಕೋಶವನ್ನು ಡಬ್ಬಿಯಲ್ಲಿಟ್ಟು ಮನೆಗೆ ಒಯ್ದಿದ್ದ. ಹದಿನೈದು ದಿನಗಳ ನಂತರ ಅವನ ತಾಯಿ ಕರೆ ಮಾಡಿದರು: “ಅಕ್ಕಾ, ಚಿಟ್ಟೆ ಬರಲಿಲ್ಲ, ನೊಣಗಳು ಬಂದಿವೆ, ಇವನು ಅಳುತ್ತಿದ್ದಾನೆ.” ಭೂತಗನ್ನಡಿ ಹಿಡಿದು ಹೋದೆ. ನೊಣಗಳಲ್ಲ, ಎರಡು ಮೂರು ಮಿಲಿಮೀಟರಿನ ಪರಾವಲಂಬಿ ಕಣಜಗಳು. ತಾಯಿ ಕಣಜ ಕೋಶದೊಳಗೆ ಮೊಟ್ಟೆ ಇಟ್ಟಿತ್ತು, ಮರಿಗಳು ಅದನ್ನೇ ತಿಂದು ಬೆಳೆದು ಒಂದು ಸಣ್ಣ ತೂತಿನಿಂದ ಹೊರಬಂದಿದ್ದವು. ಕರಿಬೇವಿನ ಗಿಡ ಪೂರ್ತಿ ಬೋಳಾಗದಂತೆ ಕಾಯುವವರು ಇವರೇ ಎಂದು ವಿವರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ. ಆದರೂ ಕಣ್ಣೊರೆಸಿಕೊಂಡು ಎಣಿಸತೊಡಗಿದ. ಅರವತ್ತೇಳರವರೆಗೆ ಲೆಕ್ಕ ಸಿಕ್ಕಿತು. ಆಮೇಲೆ ಡಬ್ಬಿಯನ್ನು ಕಿಟಕಿಗೆ ಒಯ್ದು, ಕರಿಬೇವಿನ ಕುಂಡದ ಪಕ್ಕದಲ್ಲೇ ಮುಚ್ಚಳ ತೆರೆದ.