ಮರ್ಸಿಡಿಸ್ ಕಾರು: ಹಳೇ ಎಸ್-ಕ್ಲಾಸೋ, ಹೊಸ ಸಿ-ಕ್ಲಾಸೋ?

ಪುಣೆಯಲ್ಲಿ ಒಂದೇ ದುಡ್ಡಿಗೆ ಎರಡೂ ಸಿಗುತ್ತವೆ, ಗೊಂದಲ ಅಲ್ಲೇ ಶುರು. ಮೊದಲು ಆರ್‌ಸಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್, ಆರ್‌ಟಿಒ ಓಡಾಟ.

ಎಸ್-ಕ್ಲಾಸ್‌ಗೆ ಏರ್ ಸಸ್ಪೆನ್ಷನ್. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಅಂತ ಅರ್ಥ, ಅದಕ್ಕೇ ಓನರ್ ಇಂಜಿನ್ ಶುರು ಮಾಡುವ ಮೊದಲೇ ಹೋಗಿ ನೋಡಿ. ಮುಂಬೈ ಗಾಡಿಯಾದರೆ ಸೀಟ್ ಬೆಲ್ಟ್ ಕೊನೆಯವರೆಗೂ ಎಳೆಯಿರಿ. ಬುಡದಲ್ಲಿ ಕೆಸರಿನ ಕಲೆ ಕಂಡರೆ ಅದು ಮಳೆ ನೀರಲ್ಲಿ ಮುಳುಗಿದ್ದ ಗಾಡಿ ಇರಬಹುದು, ಚಹಾ ಕುಡಿದು ಎದ್ದು ಬನ್ನಿ.

ಹೊಸದರಲ್ಲೂ ತಲೆನೋವು ಇದೆ. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಬರೀ ಊರೊಳಗೆ ಕೋಥ್ರೂಡ್‌ನಿಂದ ಡೆಕ್ಕನ್‌ಗೆ ಓಡಿಸಿದರೆ ಅದರಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಆಗಾಗ ಹೈವೇಯಲ್ಲಿ ದೂರ, ಹುಬ್ಬಳ್ಳಿ ಕಡೆ ಹೋಗುವವರಿಗೆ ಡೀಸೆಲ್ ಸರಿ. ನಾನಾದರೆ ಪೆಟ್ರೋಲ್ ಸಿ-ಕ್ಲಾಸೇ ತಗೊಳ್ಳುತ್ತೇನೆ, ನಮ್ಮ ಸೊಸೈಟಿಯ ಪಾರ್ಕಿಂಗಲ್ಲಿ ಎಸ್-ಕ್ಲಾಸ್ ಹಿಡಿಸಬೇಕಲ್ವಾ!