ಬಯಕೆಯ ಮುಂದೆ ಟ್ಯಾರೋ ಎಲೆಗಳನ್ನು ಹರಡುವ ಕ್ರಮ

ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಎಲ್ಲರ ಕಣ್ಣೂ ಆಕಾಶದ ಕಡೆಗೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳಬೇಕು. ಅದೇ ಮನೆಯವರು ಜನವರಿಯಲ್ಲಿ, ಕೊಯ್ದ ಹಣ್ಣು ಕಣದಲ್ಲಿ ಒಣಗುತ್ತಿರುವಾಗ, ಒಂದು ಹನಿಯೂ ಬೀಳದಿರಲೆಂದು ಬೇಡಿಕೊಳ್ಳುತ್ತಾರೆ. ‘ಮಳೆ ಬರಲಿ’ ಎಂಬಷ್ಟೇ ಮಾತು ಪೂರ್ಣವಾದ ಬಯಕೆಯಲ್ಲ. ಯಾವಾಗ, ಎಷ್ಟು, ಬಂದರೆ ಮುಂದೇನು ಎಂಬುದೂ ಕೂಡಿದಾಗಲೇ ಅದಕ್ಕೊಂದು ಆಕಾರ ಬರುತ್ತದೆ. ಮಳೆಯ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು ನಮ್ಮ ಸ್ವಂತ ಬಯಕೆಗಳನ್ನು ಹೀಗೆ ಬಿಡಿಸಿ ನೋಡುವುದು ಅಪರೂಪ. ಆ ಕೆಲಸಕ್ಕೆ ಟ್ಯಾರೋ ಎಂಬ ಚಿತ್ರದ ಇಸ್ಪೀಟೆಲೆಗಳ ಕಟ್ಟು ಒದಗಿಬರುತ್ತದೆ ಎಂಬುದು ನನ್ನ ಅನುಭವ. ಬಯಕೆ ಈಡೇರುವುದೇ ಎಂದು ಎಲೆಗಳನ್ನು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಡೇರಿದರೆ ಅದರ ಬೆನ್ನಿಗೆ ಏನೇನು ಬರುತ್ತದೆ ಎಂದು ನನ್ನನ್ನೇ ಕೇಳಿಕೊಳ್ಳಲು ಅವನ್ನು ಹರಡುತ್ತೇನೆ.

ಹೊಸಬರು ತಿಳಿದಿರಬೇಕಾದುದು ಹೆಚ್ಚಿಲ್ಲ. ಟ್ಯಾರೋ 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಇಸ್ಪೀಟಿನಂಥ ಒಂದು ಆಟವಾಗಿ ಹುಟ್ಟಿತು. ಭವಿಷ್ಯ ನೋಡಲು ಅದರ ಬಳಕೆ ವ್ಯಾಪಕವಾದದ್ದು 18ನೆಯ ಶತಮಾನದ ಫ್ರಾನ್ಸ್‌ನಲ್ಲಿ. ಒಂದು ಕಟ್ಟಿನಲ್ಲಿ 78 ಎಲೆಗಳಿರುತ್ತವೆ. ಅವುಗಳಲ್ಲಿ 22 ಮೇಜರ್ ಅರ್ಕಾನಾ, ಅಂದರೆ ದೊಡ್ಡ ಎಲೆಗಳು. ಉಳಿದ 56 ಸಣ್ಣ ಎಲೆಗಳು ವ್ಯಾಂಡ್ಸ್ (ದಂಡ), ಕಪ್ಸ್ (ಬಟ್ಟಲು), ಸ್ವೋರ್ಡ್ಸ್ (ಕತ್ತಿ), ಪೆಂಟಕಲ್ಸ್ (ನಾಣ್ಯ) ಎಂಬ ನಾಲ್ಕು ಬಣಗಳಿಗೆ ತಲಾ 14ರಂತೆ ಸೇರುತ್ತವೆ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ರೈಡರ್–ವೇಟ್ ಕಟ್ಟನ್ನೇ ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ಅದರ ಬಹುತೇಕ ಸಣ್ಣ ಎಲೆಗಳಲ್ಲಿಯೂ ಮನುಷ್ಯರಿದ್ದಾರೆ, ಅವರು ಏನೋ ಮಾಡುತ್ತಿದ್ದಾರೆ, ನೋಡುವವರಿಗೆ ಹೇಳಲು ಮಾತು ಸಿಗುತ್ತದೆ.

ಕಟ್ಟನ್ನು ಮುಟ್ಟುವ ಮೊದಲು ಬಯಕೆಯನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ಇಡೀ ಕ್ರಮದಲ್ಲಿ ಅತ್ಯಂತ ಕಷ್ಟದ ಭಾಗ ಇದೇ ಆದ್ದರಿಂದ ಇಲ್ಲಿ ಅವಸರ ಬೇಡ. ‘ಮಗ ನನ್ನ ಮಾತು ಕೇಳಬೇಕು’ ಎಂಬ ವಾಕ್ಯದಲ್ಲಿ ಕ್ರಿಯೆ ಇರುವುದು ಮಗನ ಕೈಯಲ್ಲಿ, ನಿಮ್ಮ ಕೈಯಲ್ಲಲ್ಲ. ‘ನಾನು ಮಗನೊಂದಿಗೆ ಜಗಳವಿಲ್ಲದೆ ಮಾತನಾಡಬೇಕು’ ಎಂದು ಬದಲಿಸಿದರೆ ಅದು ನಿಮ್ಮದಾಗುತ್ತದೆ. ‘ಮನೆಯ ಹಿಂದಿನ ಕೋಣೆಗಳನ್ನು ಹೋಂಸ್ಟೇ ಮಾಡಬೇಕು’ ಎಂಬುದು ಕೂಡ ಬಹುಪಾಲು ಒಂದು ಉಪಾಯ ಮಾತ್ರ. ಅದರ ಹಿಂದಿನ ಬಯಕೆ ಕಾಫಿಯ ಬೆಲೆಯನ್ನೇ ನೆಚ್ಚದ ಆದಾಯವಿರಬಹುದು. ಮಕ್ಕಳು ದೂರ ಹೋದ ಮೇಲೆ ಮನೆಯಲ್ಲಿ ನಾಲ್ಕು ಜನರ ಮಾತು ಕೇಳಬೇಕೆಂಬ ಆಸೆಯೂ ಇರಬಹುದು. ಇವೆರಡರ ಪರಿಣಾಮಗಳು ಬೇರೆ ಬೇರೆ. ಆದ್ದರಿಂದ ಬರೆದ ವಾಕ್ಯದ ಕೆಳಗೆ ‘ಇದು ನನಗೆ ಯಾಕೆ ಬೇಕು’ ಎಂದು ಕೇಳಿ ಉತ್ತರವನ್ನು ಬರೆಯಿರಿ, ಆ ಉತ್ತರಕ್ಕೂ ಇದೇ ಪ್ರಶ್ನೆಯನ್ನು ಹಾಕಿ. ಮುಂದೆ ಹೊಸದೇನೂ ಹೊಳೆಯದಿದ್ದಾಗ ನಿಲ್ಲಿಸಿ, ಆ ಕೊನೆಯ ವಾಕ್ಯವನ್ನಿಟ್ಟುಕೊಂಡು ಎಲೆಗಳನ್ನು ಕಲೆಸಿ.

ಐದು ಎಲೆಗಳು ಸಾಕು. ಮೊದಲನೆಯದು, ನಾನು ಹೇಳಿಕೊಳ್ಳುತ್ತಿರುವ ಬಯಕೆ. ಎರಡನೆಯದು, ಅದರಲ್ಲಿ ನಾನು ಹೇಳಿಕೊಳ್ಳದಿರುವುದು. ಮೂರನೆಯದು, ಅದು ಈಡೇರಿದ ಮೇಲಿನ ಒಂದು ಸಾಮಾನ್ಯ ದಿನ. ನಾಲ್ಕನೆಯದು, ಅದಕ್ಕಾಗಿ ಬಿಟ್ಟುಕೊಡಬೇಕಾದದ್ದು. ಐದನೆಯದು, ನನ್ನೊಂದಿಗೆ ಅದರ ಭಾರವನ್ನು ಹೊರುವವರು. ತಲೆಕೆಳಗಾಗಿ ಬಂದ ಎಲೆಯನ್ನು ನೇರ ಮಾಡಿ ಇಟ್ಟುಕೊಳ್ಳಿ, ತಲೆಕೆಳಗಿನ ಎಲೆಗೆ ಬೇರೆ ಅರ್ಥ ಹುಡುಕುವ ಗೊಂದಲ ಆರಂಭದಲ್ಲಿ ಅನಗತ್ಯ.

ಪ್ರತಿ ಎಲೆಯನ್ನು ತಿರುವಿದಾಗ ಪುಸ್ತಕದ ಅರ್ಥವನ್ನು ಹುಡುಕುವ ಮೊದಲು ಚಿತ್ರದಲ್ಲಿ ಕಾಣುವುದನ್ನಷ್ಟೇ ಮೂರು ವಾಕ್ಯಗಳಲ್ಲಿ ಬರೆಯಿರಿ. ನೈನ್ ಆಫ್ ಕಪ್ಸ್ ಅನ್ನು ಟ್ಯಾರೋ ಓದುವವರು ಬಹಳ ಕಾಲದಿಂದ ಬಯಕೆ ಕೈಗೂಡುವ ಎಲೆಯೆಂದು ಕರೆಯುತ್ತ ಬಂದಿದ್ದಾರೆ, ಅದು ಬಂದರೆ ಸಂತೋಷಪಡುತ್ತಾರೆ. ಚಿತ್ರವನ್ನು ನೋಡಿ: ತುಂಬಿದ ಮೈಯ ಒಬ್ಬಾತ ಕೈಕಟ್ಟಿ ಕುಳಿತಿದ್ದಾನೆ, ಒಂಬತ್ತು ಬಟ್ಟಲುಗಳು ಅವನ ಬೆನ್ನ ಹಿಂದೆ ಸಾಲಾಗಿವೆ, ಜೊತೆಗೆ ಉಣ್ಣಲು ಯಾರೂ ಇಲ್ಲ. ಇಷ್ಟನ್ನು ಕಂಡ ಮೇಲೆ ‘ನನ್ನ ಬಯಕೆ ಈಡೇರಿದ ದಿನ ನನ್ನ ಪಕ್ಕದಲ್ಲಿ ಯಾರಿರುತ್ತಾರೆ’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಮತ್ತು ನನಗೆ ಆ ಪ್ರಶ್ನೆ ‘ಶುಭ’ ಎಂಬ ಒಂದು ಪದಕ್ಕಿಂತ ಎಷ್ಟೋ ಹೆಚ್ಚು ಬೆಲೆಯದು.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ‘ನಾಪೋಕ್ಲಿಗೆ ಮರಳಿ ಅಪ್ಪನ ತೋಟ ನೋಡಿಕೊಳ್ಳಬೇಕು’ ಎಂದು ಬರೆದು ನನ್ನೆದುರು ಕುಳಿತಿದ್ದಳು. ಮೊದಲ ಎಲೆ ಟೂ ಆಫ್ ವ್ಯಾಂಡ್ಸ್. ಕೋಟೆಯ ಮೇಲೆ ನಿಂತು, ಕೈಯಲ್ಲಿ ಭೂಗೋಳ ಹಿಡಿದು ದೂರ ನೋಡುವವನು. ತನ್ನ ಬಯಕೆಯೂ ಇನ್ನೂ ದೂರದಿಂದ ನೋಡಿದ್ದೇ ಎಂದು ಅವಳು ಒಪ್ಪಿಕೊಂಡಳು. ಎರಡನೆಯ ಸ್ಥಾನದ ಕಿಂಗ್ ಆಫ್ ಸ್ವೋರ್ಡ್ಸ್‌ನಿಂದ ನಮಗಿಬ್ಬರಿಗೂ ಏನೂ ಹೊಳೆಯಲಿಲ್ಲ. ಬಲವಂತವಾಗಿ ಅರ್ಥ ಕಟ್ಟದೆ ಅದನ್ನು ಹಾಗೆಯೇ ಬಿಟ್ಟೆವು, ನೀವೂ ಹಾಗೆ ಬಿಡಬಹುದು. ಮೂರನೆಯದು ಸೆವೆನ್ ಆಫ್ ಪೆಂಟಕಲ್ಸ್. ಗುದ್ದಲಿಗೆ ಒರಗಿ ನಿಂತ ರೈತನೊಬ್ಬ ಗಿಡದಲ್ಲಿ ಬಿಟ್ಟ ಫಲವನ್ನು ಸುಮ್ಮನೆ ನೋಡುತ್ತಿದ್ದಾನೆ. ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲು ಕೊಡಲು 3–4 ವರ್ಷ ಕಾಯಬೇಕೆಂಬುದು ಅವಳಿಗೆ ತಿಳಿಯದ ವಿಷಯವಲ್ಲ, ಆದರೆ ಆ ಕಾಯುವಿಕೆಯಲ್ಲಿ ತಾನು ನಿಂತಿರುವುದನ್ನು ಅವಳು ಕಂಡದ್ದು ಅಂದೇ. ನಾಲ್ಕನೆಯ ಫೋರ್ ಆಫ್ ಪೆಂಟಕಲ್ಸ್‌ನಲ್ಲಿ ನಾಣ್ಯವನ್ನು ಎದೆಗವಚಿಕೊಂಡು ಕುಳಿತವನನ್ನು ಕಂಡು ತಿಂಗಳ ಸಂಬಳವನ್ನು ನೆನೆದಳು. ಐದನೆಯದಾದ ಟೆನ್ ಆಫ್ ಪೆಂಟಕಲ್ಸ್‌ನಲ್ಲಿ ಒಬ್ಬ ಮುದುಕ, ಎರಡು ನಾಯಿ, ಗಂಡು ಹೆಣ್ಣು, ಮಗು, ಎಲ್ಲರೂ ಒಂದು ಕಮಾನಿನ ಸುತ್ತ ಇದ್ದಾರೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಇದು ನಮ್ಮ ಐನ್‌ಮನೆ ಅಕ್ಕ, ದೊಡ್ಡಪ್ಪನನ್ನು ನಾನು ಕೇಳಿಯೇ ಇಲ್ಲ’ ಎಂದಳು. ಐನ್‌ಮನೆಯೆಂದರೆ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳ, ಹಿರಿಯರ ಮನೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ಒಕ್ಕದ ಹಲವರ ಹೆಸರಿರುವುದು ಕೊಡಗಿನಲ್ಲಿ ಸಾಮಾನ್ಯ. ‘ಅಪ್ಪನ ತೋಟ’ ಎಂಬ ಅವಳ ಮಾತಿನಲ್ಲಿ ಅವರು ಯಾರೂ ಇರಲಿಲ್ಲ.

ಉತ್ತರ ಹಿಡಿಸಲಿಲ್ಲವೆಂದು ಅದೇ ದಿನ ಮತ್ತೆ ಹರಡಬೇಡಿ. ಕಾಯಿಲೆಯ ಪ್ರಶ್ನೆಯನ್ನು ವೈದ್ಯರಲ್ಲಿಗೆ, ಪಾಲುಪಟ್ಟಿಯ ಪ್ರಶ್ನೆಯನ್ನು ವಕೀಲರಲ್ಲಿಗೆ ಒಯ್ಯಿರಿ. ಡೆತ್ (ಸಾವು), ಟವರ್ (ಸಿಡಿಲು ಬಡಿದ ಗೋಪುರ) ಮುಂತಾದ ಎಲೆಗಳನ್ನು ಕಂಡು ಹೆದರುವವರೊಂದಿಗೆ, ಅವರು ಎಷ್ಟೇ ಒತ್ತಾಯಿಸಿದರೂ, ನಾನು ಕುಳಿತುಕೊಳ್ಳುವುದಿಲ್ಲ.

ಎಲೆಗಳನ್ನು ಎತ್ತಿಡುವ ಮೊದಲು ಬಯಕೆಯ ವಾಕ್ಯವನ್ನು ಇನ್ನೊಮ್ಮೆ ಬರೆದು, ಅದರ ಕೆಳಗೆ ಒಂದು ವಾರದೊಳಗೆ ಮಾಡಬಹುದಾದ ಒಂದು ಕೆಲಸವನ್ನೂ ದಿನಾಂಕವನ್ನೂ ಸೇರಿಸಿ. ಅವಳು ಬರೆದದ್ದು ಹೀಗಿತ್ತು: ‘ಸಂಬಳ ಬಿಡದೆ ಒಂದು ವರ್ಷ, ಕೊಯ್ಲಿನ ತಿಂಗಳುಗಳಲ್ಲಿ ಊರಿನಲ್ಲಿದ್ದು, ಅಪ್ಪ ಮತ್ತು ದೊಡ್ಡಪ್ಪ ಇಬ್ಬರಿಂದಲೂ ತೋಟದ ಕೆಲಸ ಕಲಿಯಬೇಕು.’ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಲು ಆಗ ಐದು ದಿನಗಳಿದ್ದವು. ಕೆಳಗೆ ಅವಳು ಆ ದಿನಾಂಕವನ್ನು ಹಾಕಿ, ಪಕ್ಕದಲ್ಲಿ ‘ದೊಡ್ಡಪ್ಪನೊಂದಿಗೆ ಮಾತು’ ಎಂದು ಬರೆದಳು.